ಪೈಲೆಟ್ ಅಂದ್ರ ಏನ್ರೀ ಮಾಸ್ತರ?

ನನಗೆ ಇಂಗ್ಲಿಷ್ ಬರುತ್ತದೆ ಎಂದು ಆಗಿನ ಕಾಲದ ರಾಯಚೂರಿನಲ್ಲಿ ಬಹಳ ಜನ ನಂಬಿದ್ದರು. ನಂಬಿದವರಲ್ಲಿ ನಾನೂ ಒಬ್ಬ. ನಂಬದೆ ಉಳಿದವಳು ನನ್ನ ಹೆಂಡತಿ ಶರಣಮ್ಮ ಒಬ್ಬಳೇ. ಆಕೆಗೆ ಇಂಗ್ಲಿಷಿನ ಒಂದಕ್ಷರವೂ ಗೊತ್ತಿರಲಿಲ್ಲ. ಔಷಧದ ಶೀಶೆಯ ಮೇಲೆ ಏನು ಬರೆದಿದೆ, ಹೊಲಿಗೆ ಯಂತ್ರದ ಮೈಮೇಲೆ ಏನು ಕೆತ್ತಿದೆ, ಎರಡನೇ ಮಹಾಯುದ್ಧದಲ್ಲಿ ಯಾವ ಊರು ಬಿತ್ತು, ಎಲ್ಲದಕ್ಕೂ ಓಣಿಯವರು ನನ್ನ ಕಟ್ಟೆಗೇ ಬರುತ್ತಿದ್ದರು. ನಾನು ಒಂದು ಕ್ಷಣವೂ ತಡಮಾಡದೆ ಅರ್ಥ ಹೇಳುತ್ತಿದ್ದೆ. ಮಾಸ್ತರನಾದವನು ಏನು ಬೇಕಾದರೂ ಹೇಳಬಹುದು, 'ಗೊತ್ತಿಲ್ಲ' ಅಂತ ಮಾತ್ರ ಹೇಳಬಾರದು ಎಂಬುದು ನನ್ನ ನಂಬಿಕೆಯಾಗಿತ್ತು. ಆ ನಂಬಿಕೆಯಿಂದ ನನ್ನ ನಾದಿನಿಯ ಲಗ್ನ ಇನ್ನೇನು ಮುರಿದೇ ಹೋಗುತ್ತಿತ್ತು. ಅದನ್ನೇ ಹೇಳಲು ಕೂತಿದ್ದೇನೆ.

ಮೊದಲು ನನ್ನ ಕಷ್ಟ ಕೇಳಿ. ಒಬ್ಬನಿಗೆ ದಾರಿ ತೋರಿಸಿ ಕರೆದುಕೊಂಡು ಹೋಗುವುದು ಎಂದರೆ ನಮಗೆ ಒಂದೇ ಕೆಲಸ. 'ಕರಕೊಂಡು ಹೋಗು' ಅಂದರೆ ಮುಗಿಯಿತು. ಹೋದವನು ಹೋಗುತ್ತಾನೆ, ಕರೆದೊಯ್ದವನು ವಾಪಸು ಬರುತ್ತಾನೆ. ಇಂಗ್ಲಿಷಿನವರಿಗೆ ಅಷ್ಟು ಸಾಲದು. ಅವರಿಗೆ ಲೀಡ್ ಬೇರೆ, ಗೈಡ್ ಬೇರೆ, ಕಂಡಕ್ಟ್ ಬೇರೆ, ಡೈರೆಕ್ಟ್ ಬೇರೆ, ಸ್ಟಿಯರ್ ಬೇರೆ, ಪೈಲಟ್ ಬೇರೆ. ಇವುಗಳ ಸೂಕ್ಷ್ಮ ವ್ಯತ್ಯಾಸವನ್ನು ಹುಡುಗರಿಗೆ ಹೇಳಿಕೊಡು ಎಂದು ಪಠ್ಯಕ್ರಮದಲ್ಲಿ ಬರೆದಿತ್ತು. ನಮ್ಮ ಶಾಲೆ ಉರ್ದು ಶಾಲೆ. ಹೈದರಾಬಾದಿನ ಕಡೆಯಿಂದ ಬಂದ ಹೆಡ್ ಮಾಸ್ತರರನ್ನು ಕೇಳಿದೆ. ಅವರು ಪಾನ್ ಜಗಿಯುವುದನ್ನು ನಿಲ್ಲಿಸದೆ, "ಅರೇ ಮಾಸ್ಟರ್ ಸಾಬ್, ಸಬ್ ಕಾ ಮತಲಬ್ ಏಕೀಚ್ ಹೈ, ರಾಸ್ತಾ ದಿಖಾನಾ," ಅಂದುಬಿಟ್ಟರು. ಎಲ್ಲದರ ಅರ್ಥವೂ ದಾರಿ ತೋರಿಸುವುದು ಒಂದೇ ಆದರೆ ಇಂಗ್ಲಿಷರಿಗೇನು ತಲೆ ಕೆಟ್ಟಿತ್ತೇ? ನಾನು ರಟ್ಟು ಹರಿದ ನನ್ನ ಡಿಕ್ಷನರಿ ತೆಗೆದು ಕುಳಿತೆ. ಡಿಕ್ಷನರಿಯ ಗುಣ ನಿಮಗೆ ಗೊತ್ತೇ ಇದೆ. ಲೀಡ್ ಎಂದರೆ ಏನು ಅಂತ ನೋಡಿದರೆ ಗೈಡ್ ಅನ್ನುತ್ತದೆ, ಗೈಡ್ ನೋಡಿದರೆ ಕಂಡಕ್ಟ್ ಅನ್ನುತ್ತದೆ, ಕಂಡಕ್ಟ್ ನೋಡಿದರೆ ಮತ್ತೆ ಲೀಡ್ ಕಡೆಗೇ ಕಳಿಸುತ್ತದೆ. ಸರಕಾರಿ ಕಚೇರಿಯಲ್ಲಿ ಒಬ್ಬ ಗುಮಾಸ್ತ ಇನ್ನೊಬ್ಬನ ಮೇಜು ತೋರಿಸಿದ ಹಾಗೆ. ನಡುವೆ ಲೀಡ್ ಅಂದರೆ ಸೀಸ ಎಂದೂ ಬರೆದಿತ್ತು. ಅದನ್ನು ಓದಿ ಸುಮ್ಮನೆ ಮುಂದಕ್ಕೆ ಹೋದೆ.

ಕೊನೆಗೆ ನಾನೇ ಒಂದು ಉಪಾಯ ಮಾಡಿದೆ. ಎತ್ತಿನ ಹಗ್ಗ ಹಿಡಿದು ಮುಂದೆ ನಡೆದರೆ ಲೀಡ್, ಪಕ್ಕದಲ್ಲಿ ಮೈದಡವುತ್ತ ನಡೆದರೆ ಗೈಡ್, ಬಾಸಿಂಗ ಕಟ್ಟಿ ಮರ್ಯಾದೆಯಿಂದ ನಡೆಸಿದರೆ ಕಂಡಕ್ಟ್, ಕಟ್ಟೆಯ ಮೇಲೆ ಕುಳಿತೇ 'ಹಂಗ ಹೋಗು' ಅಂತ ಬೆರಳು ತೋರಿಸಿದರೆ ಡೈರೆಕ್ಟ್. ಹುಡುಗರಿಗೆ ಭಾರಿ ಖುಷಿಯಾಯಿತು. ನನಗೂ ಎದೆ ಉಬ್ಬಿತು. ಸ್ಟಿಯರ್ ಬಂದಾಗ ಮಾತ್ರ ಗಾಡಿ ಕೆಟ್ಟಿತು. ಸ್ಟಿಯರ್ ಎಂದರೆ ಚುಕ್ಕಾಣಿ ಹಿಡಿದು ಬೇಕಾದ ಕಡೆ ತಿರುಗಿಸುವುದು ಎಂದು ಒಂದು ಅರ್ಥ. ಅದರ ಕೆಳಗೇ, ಎತ್ತು ಎಂದು ಇನ್ನೊಂದು ಅರ್ಥ! ನಾನು ಕಣ್ಣು ಉಜ್ಜಿಕೊಂಡು ಮತ್ತೆ ಓದಿದೆ. ಎತ್ತೇ. ಹೊಡೆಯುವವನಿಗೂ ಹೊಡೆಸಿಕೊಳ್ಳುವುದಕ್ಕೂ ಒಂದೇ ಮಾತು ಇಟ್ಟುಕೊಂಡು ಈ ಜನ ಅರ್ಧ ಪ್ರಪಂಚವನ್ನು ಹೇಗೆ ಆಳಿದರೋ! ಶರಣಮ್ಮನಿಗೆ ಹೇಳಿದೆ. ಆಕೆ ರೊಟ್ಟಿ ಬಡಿಯುತ್ತಲೇ, "ಎತ್ತು ಯಾರು, ಹೊಡಿಯಾಂವ ಯಾರು ಅಂತ ಮನ್ಯಾಗಿನವರಿಗೆ ಗೊತ್ತಿರತೈತಿ ಬಿಡ್ರಿ," ಅಂದಳು. ಆ ಮಾತಿನ ಅರ್ಥ ಆಗ ನನಗೆ ಆಗಲಿಲ್ಲ. ಪೈಲಟ್ ಪಾಠವನ್ನು ಮುಂದಿನ ವಾರಕ್ಕೆ ಹಾಕಿದೆ. ಆ ವಾರ ಬರುವಷ್ಟರಲ್ಲಿ ಪೈಲಟ್ ನಮ್ಮ ಮಾವನ ಮನೆಗೇ ಬಂದಿತ್ತು.

ನನ್ನ ಮಾವನವರು ಮಾನ್ವಿಯಲ್ಲಿ ಶೇಂಗಾ ವ್ಯಾಪಾರ ಮಾಡುತ್ತಿದ್ದರು. ಅವರ ಕಿರಿಯ ಮಗಳು ನೀಲಮ್ಮನಿಗೆ ವರ ನೋಡುತ್ತಿದ್ದರು. ಸಿಂಧನೂರಿನ ಒಬ್ಬ ಸಾಹುಕಾರ ಆಗಲೇ ಗಂಟುಬಿದ್ದಿದ್ದ. ಎರಡನೇ ಸಂಬಂಧ, ಮೀಸೆಗೆ ಬಣ್ಣ ಹಚ್ಚುತ್ತಿದ್ದ, ಆದರೆ ಹುಬ್ಬಿಗೆ ಹಚ್ಚಲು ಮರೆಯುತ್ತಿದ್ದ. ಅವನ ಹೆಸರು ಬಂದರೆ ಸಾಕು, ನೀಲಮ್ಮ ಊಟ ಬಿಟ್ಟು ಏಳುತ್ತಿದ್ದಳು. ಹೀಗಿರುವಾಗ ದೇವದುರ್ಗದಿಂದ ಸಂಗಣ್ಣ ಎಂಬ ಹಿರಿಯರು ತಮ್ಮ ಅಣ್ಣನ ಮಗ ಅಮರೇಶನನ್ನು ಕರೆದುಕೊಂಡು ಹೆಣ್ಣು ನೋಡಲು ಬಂದರು. ನಾನೂ ಶರಣಮ್ಮನೂ ಅದಕ್ಕೇ ರಾಯಚೂರಿನಿಂದ ಹೋಗಿದ್ದೆವು. ಹುಡುಗ ತೆಳ್ಳಗೆ, ಕಪ್ಪಗೆ, ಮಾತು ಬಹಳ ಕಡಿಮೆ. ಮಂಡಾಳ ಒಗ್ಗರಣೆ ಕೊಟ್ಟರೆ ತಟ್ಟೆ ನೋಡುತ್ತ ತಿಂದ, ಹೆಣ್ಣನ್ನು ಕರೆಸಿದರೆ ನೆಲ ನೋಡುತ್ತ ನೋಡಿದ. ಹೋಗುವಾಗ ಮಾತ್ರ ಹೊಸ್ತಿಲಲ್ಲಿ ಯಾರೋ ಇಟ್ಟು ಮರೆತಿದ್ದ ನೀರಿನ ತಂಬಿಗೆಯನ್ನು ಬಗ್ಗಿ ಎತ್ತಿ ಪಕ್ಕಕ್ಕಿಟ್ಟು ಹೋದ. ಇದನ್ನು ನಾನು ನೋಡಲಿಲ್ಲ, ನೀಲಮ್ಮ ನೋಡಿದ್ದಳು. "ಹಿಂದ ಅವ್ವ ಬರಾಕತ್ತಿದ್ಲು ಅಕ್ಕಾ. ಮಂಡಿನೋವಿನಾಕಿ ಎಡವತಾಳಂತ ತೆಗದಿಟ್ರು," ಎಂದು ಶರಣಮ್ಮನ ಕಿವಿಯಲ್ಲಿ ಹೇಳಿ ಕೆಂಪಾದಳಂತೆ. ಅಷ್ಟಾದ ಮೇಲೆ ಹುಡುಗಿಯ ಅಭಿಪ್ರಾಯವನ್ನು ಬೇರೆ ಕೇಳಬೇಕೇ?

ಮಾವನವರೂ ಖುಷಿಯಲ್ಲಿದ್ದರು. ತಕರಾರು ಒಂದೇ. ಸಂಗಣ್ಣನವರು ಬೀಳ್ಕೊಳ್ಳುವಾಗ ಮೀಸೆ ತಿರುವಿ, "ಹುಡುಗಗ ರಾಯಚೂರಾಗ ನೌಕರಿ ಅದರೀ. ಪೈಲೆಟ್ ಅದಾನ," ಎಂದಿದ್ದರು. ಹಾಗಂದರೇನು ಎಂದು ಅವರನ್ನು ಕೇಳಲು ಮಾವನವರಿಗೆ ನಾಚಿಕೆ. ಮನೆಯಲ್ಲೇ ಇಂಗ್ಲಿಷ್ ಮಾಸ್ತರ ಅಳಿಯ ಇರುವಾಗ ಬೀಗರ ಮುಂದೆ ಯಾಕೆ ಬಾಯಿ ಬಿಡಬೇಕು?

"ಪೈಲೆಟ್ ಅಂದ್ರ ಏನ್ರೀ ಮಾಸ್ತರ?" ಅಂದರು. ಮಾವನವರು ನನ್ನನ್ನು ಅಳಿಯ ಎಂದು ಕರೆಯುತ್ತಿದ್ದುದು ಸಿಟ್ಟು ಬಂದಾಗ ಮಾತ್ರ.

ನಾನು ತಡಮಾಡದೆ, "ವಿಮಾನ ಹಾರಿಸುವವನು," ಅಂದೆ.

 ಒಳಗೆ ತಟ್ಟೆ ಎತ್ತುತ್ತಿದ್ದ ಅತ್ತೆಯವರು ತಟ್ಟೆ ಬಿಟ್ಟು ಪಡಸಾಲೆಗೆ ಬಂದರು. ಹಿಂದಿನ ವಾರವೇ ಮಾನ್ವಿಯ ಮೇಲೆ ಒಂದು ವಿಮಾನ ಹಾರಿಹೋಗಿತ್ತು. ಊರಿಗೆ ಊರೇ ಮಾಳಿಗೆ ಹತ್ತಿ ನೋಡಿತ್ತು, ನಮ್ಮ ಅತ್ತೆಯವರು ಮಾತ್ರ ಜೋಳ ತುಂಬುವ ಹಗೇವಿನ ಪಕ್ಕ ಬಚ್ಚಿಟ್ಟುಕೊಂಡಿದ್ದರು. ಈಗ ಅವರು ಎದೆ ಎದೆ ಬಡಿದುಕೊಂಡರು. "ಅಯ್ಯ ನಮ್ಮಪ್ಪ! ಬಾಂಬ್ ಹಾಕಾಂವಗ ನನ್ನ ಕೂಸನ್ನ ಕೊಡ್ತೀರೇನು? ಮ್ಯಾಲಿಂದ ಬಿದ್ದನಂದ್ರ ಆರಿಸಿಕೊಳ್ಳಾಕ ಎಲ್ಲಿಗಿ ಹೋಗಬೇಕು?"

ಮಾವನವರು ವ್ಯಾಪಾರಸ್ಥರು, ಯೋಚಿಸಿ ಮಾತಾಡುವವರು. "ಅಲ್ರೀ ಮಾಸ್ತರ, ರಾಯಚೂರಾಗ ವಿಮಾನ ಎಲ್ಲಿ ಅದ?"

ಇಲ್ಲಿ ನಾನು 'ಹೌದಲ್ಲ!' ಅಂದಿದ್ದರೆ ಎಲ್ಲ ಮುಗಿದಿತ್ತು. ರಾಯಚೂರಿನಲ್ಲಿ ಕೋಟೆ ಇದೆ, ಕೆರೆ ಇದೆ, ರೈಲಿದೆ, ಜಗತ್ತಿನ ಬಿಸಿಲೆಲ್ಲ ಇದೆ, ವಿಮಾನವಿಲ್ಲ. ಅದು ನನಗೂ ಗೊತ್ತು. ಆದರೆ ಒಮ್ಮೆ ಹೇಳಿದ ಅರ್ಥವನ್ನು ವಾಪಸು ತೆಗೆದುಕೊಳ್ಳುವುದು ಹೇಗೆ? "ಯುದ್ಧದ ಕಾಲರೀ ಮಾವ. ಗುಟ್ಟಾಗಿ ಇಟ್ಟಿರ್ತಾರ," ಅಂದೆ.

ಅತ್ತೆಯವರು ಅಳಲು ಶುರು ಮಾಡಿದರು. ಮಾವನವರು ಸಿಂಧನೂರಿಗೆ ಹೇಳಿ ಕಳಿಸುವ ಮಾತೆತ್ತಿದರು. ನೀಲಮ್ಮ ಬಾಗಿಲ ಮರೆಯಿಂದ ನನ್ನ ಕಡೆ ಒಂದು ನೋಟ ನೋಡಿದಳು. ಶಿವ ಶಿವಾ!  ಆ ಕೂಸಿನ ಬಾಳು ನನ್ನ ಡಿಕ್ಷನರಿಯ ಒಂದು ಸಾಲಿಗೆ ಜೋತುಬಿದ್ದಿತ್ತು, ನಾನೋ ಪಾಠ ಮುಂದಿನ ವಾರಕ್ಕೆ ಹಾಕಿದ ಮಾಸ್ತರ.

ರಾಯಚೂರಿಗೆ ಮರಳಿದ ಮೇಲೆ ಶರಣಮ್ಮ ನನ್ನನ್ನು ಮನೆಯಲ್ಲಿ ಕೂರಗೊಡಲಿಲ್ಲ. "ಹುಡುಗ ಇದಾ ಊರಾಗ ಅದಾನ. ಸ್ಟೇಶನ್ ಹತ್ರ ಖೋಲಿ ಮಾಡ್ಯಾನಂತ ಸಂಗಣ್ಣ ಕಾಕಾರು ಅಂದಿದ್ರಿಲ್ಲೋ? ಹೋಗಿ ಅವನ್ನಾ ಕೇಳಿ ಬರ್ರಿ. ಕೇಳಾದು ಅಷ್ಟಾ ಮಾಡ್ರಿ, ಹೇಳಾಕ ಹೋಗಬ್ಯಾಡ್ರಿ," ಎಂದು ಕೊಡೆ ಕೈಗಿತ್ತು ಹೊರಗೆ ಹಾಕಿದಳು. ಹೋದೆ. ಹುಡುಕುವ ಕಷ್ಟವೇ ಬೀಳಲಿಲ್ಲ; ಅಮರೇಶ ಸ್ಟೇಶನ್ನಿನ ಪ್ಲಾಟ್‌ಫಾರಂ ಮೇಲೆಯೇ ನಿಂತಿದ್ದ. ತೋಳಿಗೆ ಕೆಂಪು ಪಟ್ಟಿ ಕಟ್ಟಿಕೊಂಡಿದ್ದ. ಪಟ್ಟಿಯ ಮೇಲೆ ಇಂಗ್ಲಿಷಿನಲ್ಲಿ, ಬಿಳಿ ಅಕ್ಷರದಲ್ಲಿ, ಪೈಲಟ್ ಎಂದು ಸ್ಪಷ್ಟವಾಗಿ ಬರೆದಿತ್ತು. ನಾನು ಮೊದಲು ಆಕಾಶ ನೋಡಿದೆ, ಆಮೇಲೆ ಹಳಿ ನೋಡಿದೆ. ಹಳಿಯ ಮೇಲೆ ಬುಸುಗುಡುತ್ತ ನಿಂತದ್ದು ರೈಲು.

"ಬರ್ರಿ ಮಾಸ್ತರ, ಚಾ ಕುಡೀರಿ," ಅಂದ.

"ಚಾ ಇರಲಿ. ನೀವು ಪೈಲೆಟ್ ಏನ್ರಿ?"

"ಇವತ್ತು ಹೌದ್ರಿ. ನಾಳೆ ಅಲ್ಲ."

ನನ್ನ ತಲೆ ಅಲ್ಲಿಂದಲೇ ತಿರುಗಲು ಶುರುವಾಯಿತು. ಅವನು ಸ್ಟೇಶನ್ನಿನಲ್ಲಿ ತಂತಿಯ ಮೇಲೆ ಸುದ್ದಿ ಕಳಿಸುವ, ತಾರು ಕುಟ್ಟುವ ಬಾಬು. ದಿನಾ ಅದೇ ಕೆಲಸ. ಮುಂದಿನ ಸ್ಟೇಶನ್ನಿನ ಜೊತೆ ಮಾತಾಡುವ ತಂತಿ ಕೆಟ್ಟರೆ ಮಾತ್ರ ಈ ಪಟ್ಟಿ ಕಟ್ಟುತ್ತಾರೆ, ಪಟ್ಟಿ ಕಟ್ಟಿದಾಗ ಪೈಲಟ್. ಊರಿಗೆ ಹೋದಾಗ 'ಮೊನ್ನೆ ಪೈಲೆಟ್ ಇದ್ದೆ' ಎಂದು ಕಾಕಾನಿಗೆ ಹೇಳಿದ್ದನಂತೆ; ಕಾಕಾನಿಗೆ ಆ ಶಬ್ದ ರುಚಿಸಿತ್ತು. ಸರಿ, ಪೈಲಟ್ ಆದವನು ಮಾಡುವುದೇನು? ಅಲ್ಲಿ ನೋಡಿ, ನನ್ನೊಳಗಿನ ಮಾಸ್ತರ ಎದ್ದು ಕುಳಿತ. ಒಂದೊಂದೇ ಶಬ್ದ ಹಿಡಿದು ಸವಾಲು ಹಾಕಿದೆ.

"ಹಂಗಾದ್ರ ಗಾಡಿ ನೀವಾ ನಡಸ್ತೀರಿ?"

"ಇಲ್ರಿ, ಅದಕ್ಕ ಡ್ರೈವರ್ ಅದಾನ. ನಾ ಅವನ ಬಾಜೂಕ ಎಂಜಿನ್ನಾಗ ಕುಂದರ್ತೀನಿ."

"ದಾರಿ ತೋರಸ್ತೀರಿ?"

"ರೈಲಿಗಿ ದಾರಿ ಯಾಕ ತೋರಸ್ಬೇಕ್ರಿ? ಹಳಿ ಅದಾವಲ್ಲ."

"ಕಡೀಕ, ಹಾಂ, ತಿರುಗಿಸೋದು? ಸ್ಟಿಯರ್?"

ಅವನು ನನ್ನನ್ನು ಕನಿಕರದಿಂದ ನೋಡಿದ. "ರೈಲಿನಾಗ ತಿರುಗಿಸೋ ಗಾಲಿನಾ ಇರಂಗಿಲ್ರಿ."

ಅವನು ಹೇಳದಿದ್ದರೆ ನಾನು ಸಾಯುವತನಕ ರೈಲಿನ ಡ್ರೈವರು ಮೋಟಾರಿನವನ ಹಾಗೆ ಏನನ್ನೋ ತಿರುಗಿಸುತ್ತಾನೆ ಎಂದೇ ತಿಳಿದಿರುತ್ತಿದ್ದೆ. "ಮತ್ತ ನೀವು ಮಾಡೋದೇನ್ರೀ ಯಪ್ಪಾ?"

ಅವನೂ ತಲೆ ಕೆರೆದುಕೊಂಡ. ಬಹುಶಃ ಅವನಿಗೂ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. "ಏನಿಲ್ರಿ. ಸುಮ್ಕ ಕುಂದರ್ತೀನಿ. ಹೋಗಾಕ ಬರಾಕ ಇರೋದು ಒಂದಾ ಹಳಿ. ಪಟ್ಟಿ ಕಟ್ಟಿದಾಂವ ನಾ ಒಬ್ಬನಾ. ನಾ ಇಲ್ಲದ ಯಾವ ಗಾಡಿನೂ ಬಿಡಂಗಿಲ್ಲ. ನಾ ಈ ಗಾಡ್ಯಾಗ ಅದೀನಿ ಅಂದ್ರ ಎದುರು ಗಾಡಿ ಬರಂಗಿಲ್ಲ. ಅಷ್ಟಾ." ಅಷ್ಟರಲ್ಲಿ ಎಂಜಿನ್ನು ಸಿಳ್ಳೆ ಹಾಕಿತು. ಅವನು ಹತ್ತಿ ಡ್ರೈವರನ ಪಕ್ಕ ಸುಮ್ಮನೆ ಕುಳಿತ. ಗಾಡಿ ಕೃಷ್ಣೆಯ ಕಡೆ ಹೊರಟುಹೋಯಿತು. ನಾನು ಕೊಡೆ ಬಿಚ್ಚಿ, ಬಿಚ್ಚಿದ್ದೇಕೆಂದು ತಿಳಿಯದೆ ಮತ್ತೆ ಮಡಚಿದೆ. ಲೀಡ್ ಅಲ್ಲ, ಗೈಡ್ ಅಲ್ಲ, ಸ್ಟಿಯರ್ ಅಲ್ಲ, ಏನೂ ಮಾಡುವುದಿಲ್ಲ. ಆದರೂ ಅವನಿಲ್ಲದೆ ಗಾಡಿ ಹೊರಡುವುದಿಲ್ಲ!

ಮುಂದಿನ ಶುಕ್ರವಾರ ನಮ್ಮ ಉರ್ದು ಶಾಲೆಗೆ ವಾರದ ರಜೆ; ಅವತ್ತೇ ನಾವಿಬ್ಬರೂ ಮಾನ್ವಿಯ ಬಸ್ಸು ಹತ್ತಿದೆವು. ಯುದ್ಧದಿಂದಾಗಿ ಪೆಟ್ರೋಲು ಇರಲಿಲ್ಲ, ಬಸ್ಸಿನ ಬೆನ್ನಿಗೆ ಒಂದು ಒಲೆ ಕಟ್ಟಿ ಇದ್ದಿಲು ಉರಿಸಿ ಅದರ ಹೊಗೆಯ ಮೇಲೆ ಓಡಿಸುತ್ತಿದ್ದರು. ಓಡಿಸುತ್ತಿದ್ದರು ಅನ್ನುವುದು ದೊಡ್ಡ ಮಾತಾಯಿತು. ಏರು ಬಂದರೆ ಪ್ರಯಾಣಿಕರೆಲ್ಲ ಇಳಿದು ತಳ್ಳುತ್ತಿದ್ದೆವು. ನಮ್ಮ ಬಸ್ಸಿಗೆ ಹುಸೇನಸಾಬ ಡ್ರೈವರು. ಅವನ ಪಕ್ಕದ ಕಂಡಕ್ಟರು ಬಾಯಿ ತೆಗೆದರೆ ಬೈಗಳೇ. ನಾನು ಶಾಲೆಯಲ್ಲಿ ಹುಡುಗರಿಗೆ 'ಗುಡ್ ಕಂಡಕ್ಟ್' ಎಂದು ಸರ್ಟಿಫಿಕೇಟು ಬರೆದು ಕೊಡುವವನು. ಹಾಗಾದರೆ ಕಂಡಕ್ಟರು ಅಂದರೆ ಒಳ್ಳೆ ನಡತೆಯವನು ಎಂದಾಗಬೇಕಲ್ಲ? ಈ ಸಂದೇಹವನ್ನು ಶರಣಮ್ಮನ ಮುಂದೆ ಇಟ್ಟೆ. ಆಕೆ, "ನೀವು ಮಾನ್ವಿಗಿ ಹೋದ ಕೂಡ್ಲೆ ಇದನ್ನೆಲ್ಲ ಬಿಚ್ಚಬ್ಯಾಡ್ರಿ. ಹುಡುಗಗ ವಿಮಾನ ಇಲ್ಲ, ರೈಲ್ವೆ ಬಾಬು ಅದಾನ, ಅಂತ ಒಂದಾ ಮಾತು ಹೇಳಿ ಸುಮ್ಕ ಆಗ್ರಿ," ಅಂದಳು. ಆ ಒಂದೇ ಮಾತು ಹೇಳಿ ಸುಮ್ಮನಾಗಿದ್ದರೆ ನಾನು ಮಾಸ್ತರನೇ ಆಗುತ್ತಿರಲಿಲ್ಲ.

ಮಾವನವರ ಮುಂದೆ ಕುಳಿತು ಆಮೂಲಾಗ್ರವಾಗಿ ವಿವರಿಸಿದೆ. ಹುಡುಗ ವಿಮಾನ ಹಾರಿಸುವುದಿಲ್ಲ ಅಂದ ಕೂಡಲೇ ಅತ್ತೆಯವರು ಉಸಿರು ಬಿಟ್ಟರು. ನೀಲಮ್ಮನ ಬಳೆಯ ಸದ್ದು ಬಾಗಿಲಿಗೆ ಹತ್ತಿರವಾಯಿತು. ಅಲ್ಲಿಗೆ ನಿಲ್ಲಿಸಬೇಕಿತ್ತು. "ಹಂಗಾದ್ರ ರೈಲು ಹೊಡೀತಾನ?" ಎಂದರು ಮಾವನವರು. "ಇಲ್ಲ. ಹೊಡೆಯುವವನು ಡ್ರೈವರು." "ಮತ್ತ ದಾರಿ ತೋರಸ್ತಾನ?" "ಇಲ್ಲ, ಹಳಿ ಇದೆ." "ಮತ್ತ ಏನ್ ಮಾಡ್ತಾನ?" ನಾನು ಅವನ ಮಾತನ್ನೇ ಹೇಳಿದೆ: "ಏನೂ ಇಲ್ಲ. ಸುಮ್ಮನೆ ಕೂತಿರುತ್ತಾನೆ."

ಮಾವನವರ ಮುಖ ನೋಡಬೇಕಿತ್ತು. "ಏನೂ ಮಾಡಂಗಿಲ್ಲೇನು? ಸುಮ್ಕ ಕುಂದರಾವಗ ನೌಕರಿ ಅಂತೀರೇನ್ರೀ ಅಳಿಯಂದ್ರ? ವಿಮಾನ ಹಾರಿಸ್ತಿದ್ರ ಅಂಜಿಕಿ ಇರ್ತಿತ್ತು, ಮರ್ಯಾದಿನಾದ್ರೂ ಇರ್ತಿತ್ತು!" ಎಂದು ಗುಡುಗಿದರು. ನೋಡಿ ನನ್ನ ಹಣೆಬರಹ. ಮೊದಲ ಸಲ ಹುಡುಗನನ್ನು ಆಕಾಶಕ್ಕೆ ಏರಿಸಿದೆ, ಎರಡನೇ ಸಲ ನೆಲಕ್ಕೆ ಕೆಡವಿದೆ. ಎದುರು ಗಾಡಿಯ ವಿಷಯ ಹೇಳಲು ಹೋದೆ. "ಬಾರದ ಗಾಡಿಯಿಂದ ನಮಗೇನಾಗಬೇಕ್ರಿ?" ಎಂದು ನನ್ನ ಬಾಯಿ ಮುಚ್ಚಿಸಿದರು. ಬಾರದ ಗಾಡಿ ಏಕೆ ಮುಖ್ಯ ಎಂದು ವಿವರಿಸಲು ನನಗೂ ಬರಲಿಲ್ಲ. ಬಾರದ ಗಾಡಿಯ ಅರ್ಥ ಯಾವ ಡಿಕ್ಷನರಿಯಲ್ಲೂ ಇರಲಿಲ್ಲ.

ಆದರೂ ಮಾವನವರು ದೊಡ್ಡ ಮನುಷ್ಯರು. ದೂರದಿಂದ ಬೇಡ ಅನ್ನುವುದು ಸರಿಯಲ್ಲ, ದೇವದುರ್ಗಕ್ಕೆ ಹೋಗಿ ಮನೆ ನೋಡಿದ ಹಾಗೆ ಮಾಡಿ, ಬೆಲ್ಲ ತಿಂದು, ಮೆಲ್ಲಗೆ ಬೇಡ ಅಂದು ಬರೋಣ ಎಂದರು. ಸಂಗಣ್ಣನವರಿಗೆ ಹೇಳಿ ಕಳಿಸಿದರು. ಬರುವ ಶುಕ್ರವಾರ ದೇವದುರ್ಗ, ಅಲ್ಲಿಂದ ಬಂದ ಮೇಲೆ ಸಿಂಧನೂರಿನವರಿಗೆ ಮಾತು ಕೊಡುವುದು, ಇದು ತೀರ್ಮಾನ. ಹೊರಡುವ ದಿನ ಚಪ್ಪಲಿ ಮೆಟ್ಟುತ್ತಿದ್ದಾಗ ನೀಲಮ್ಮ ನೀರಿನ ತಂಬಿಗೆ ಹಿಡಿದು ಬಂದಳು. ಯಾವತ್ತೂ ನನ್ನ ಎದುರು ಮಾತಾಡಿದವಳಲ್ಲ. ಕಣ್ಣು ಊದಿಕೊಂಡಿತ್ತು. "ನಿಮ್ಮ ಕಾಲಿಗಿ ಬೀಳ್ತೀನ್ರಿ," ಅಂದಳು. "ಅಲ್ಲಿಗಿ ಹೋದ ಮ್ಯಾಲ ಯಾವ ಮಾತಿನ ಅರ್ಥನೂ ಹೇಳಬ್ಯಾಡ್ರಿ." ನನಗೆ ಎಷ್ಟು ದುಃಖವಾಯಿತೆಂದರೆ, ಅತ್ತುಬಿಡುವ ಹಾಗಾಯಿತು. ಇಡೀ ದಿನ ಬಾಯಿ ಬಿಡಬಾರದು ಎಂದು ಅಲ್ಲೇ ಆಣೆ ಮಾಡಿಕೊಂಡೆ.

ಅತ್ತೆ, ಮಾವ, ಶರಣಮ್ಮ, ನಾನು, ನಾಲ್ವರೂ ದೇವದುರ್ಗದಲ್ಲಿ ಬಸ್ಸು ಇಳಿದಾಗ ಬಿಸಿಲು ನೆತ್ತಿಗೇರಿತ್ತು. ನಾವು ಹೇಳಿದ ಹೊತ್ತಿಗಿಂತ ಬೇಗ ಬಂದಿದ್ದೆವು. ಇದ್ದಿಲು ಬಸ್ಸು ಎಂದೂ ಮಾಡದ ತಪ್ಪನ್ನು ಅವತ್ತು ಮಾಡಿತ್ತು. ಅತ್ತೆಯವರ ಮಂಡಿಗೆ ನಡೆಯುವ ಶಕ್ತಿ ಇಲ್ಲ ಎಂದು ಬಾಡಿಗೆಗೆ ಒಂದು ಎತ್ತಿನ ಗಾಡಿ ಮಾಡಿದೆವು. ಗಾಡಿಯವನು ಪಕ್ಕದ ಹಳ್ಳಿಯವನು, ಊರೊಳಗಿನ ಓಣಿ ಅವನಿಗೂ ಗೊತ್ತಿಲ್ಲ. "ಮನಿ ಎಲ್ಲಿ ಬರತೈತ್ರಿ?" ಅಂದ. ಸಂಗಣ್ಣನವರು ಹೇಳಿದ್ದ ಗುರುತು ನನಗೆ ನೆನಪಿತ್ತು: ಊರ ಅಗಸಿ ಬಾಗಿಲು ದಾಟಿ, ಬೇವಿನ ಮರದ ಕಡೆ ಹೊರಳಿ, ನೇರ ಬರುವುದು. ಅರ್ಥ ಹೇಳಬಾರದು ಎಂದು ತಾನೇ ಆಣೆ? ದಾರಿ ಹೇಳಬಾರದು ಎಂದಿಲ್ಲವಲ್ಲ! ನಾನು ಮುಂದೆ ಕುಳಿತೆ. ಹಗ್ಗ ಗಾಡಿಯವನ ಕೈಯಲ್ಲಿ, ಬೆರಳು ನನ್ನದು. ಈಗ ನಾನು ಗೈಡ್ ಆದೆನೋ, ಡೈರೆಕ್ಟರ್ ಆದೆನೋ ಎಂದು ಯೋಚಿಸುತ್ತಿರುವಾಗಲೇ ಒಂದು ಬೇವಿನ ಮರ ಬಂತು. "ಹೊಳ್ಳಿಸಪಾ," ಅಂದೆ. ದೇವದುರ್ಗದಲ್ಲಿ ಬೇವಿನ ಮರ ಎರಡಿದ್ದವು. ಅದು ಸಂಗಣ್ಣನವರು ಹೇಳಿದ ಮರವಲ್ಲ.

ಓಣಿ ಒಳಗೆ ಹೋದ ಹಾಗೆ ಸಣ್ಣದಾಯಿತು. ಎರಡೂ ಕಡೆ ಕಲ್ಲಿನ ಗೋಡೆ. ಗಾಲಿ ಗೋಡೆಗೆ ಒರೆಸಿಕೊಂಡು ಕಿರ್ರೆನ್ನುತ್ತಿತ್ತು. ಒಂದು ತಿರುವು ದಾಟಿದೆವೋ ಇಲ್ಲವೋ, ಎದುರಿನಿಂದ ಇನ್ನೊಂದು ಗಾಡಿ! ಎರಡೂ ಗಾಡಿಯ ಎತ್ತುಗಳು ಮೂಗಿಗೆ ಮೂಗು ತಾಗಿಸಿ ನಿಂತವು. ಎದುರು ಗಾಡಿಯಲ್ಲಿ ಪಟಗ ಸುತ್ತಿದ ಸಂಗಣ್ಣನವರು, ಪಕ್ಕದಲ್ಲಿ ಅಮರೇಶ. ನಮ್ಮನ್ನು ಬಸ್‌ನಿಲ್ದಾಣದಿಂದ ಕರೆತರಲು ಅಡ್ಡದಾರಿ ಹಿಡಿದು ಹೊರಟಿದ್ದರು. ಮುಂದೆ ಹೋಗುವ ಹಾಗಿಲ್ಲ, ತಿರುಗಿಸುವ ಹಾಗಿಲ್ಲ. ನಮ್ಮ ಹಿಂದೆಯೂ ಒಂದು ಜೋಳದ ಗಾಡಿ ಬಂದು ನಿಂತಿತು. "ನೀ ಹಿಂದಕ ತಗೀಲೇ," ಅಂತ ನಮ್ಮವನು, "ನೀ ತಗೀಲೇ ಮಗನ," ಅಂತ ಅವನು. ನಮ್ಮ ಎತ್ತು ಬೆದರಿ ನೊಗ ಎಳೆದಾಡಿತು, ಗಾಡಿ ಒಂದು ಕಡೆ ವಾಲಿತು. ಅತ್ತೆಯವರು ಶರಣಮ್ಮನನ್ನು ತಬ್ಬಿಕೊಂಡು ಕೂಗಿದರು: "ಯಪ್ಪಾ ಸತ್ನೆಪ್ಪೋ! ಎದುರು ಗಾಡಿ ಬರದಂಗ ನೋಡಾಕ ಈ ಊರಾಗ ಒಬ್ಬರೂ ಗತಿ ಇಲ್ಲೇನು?"

ಶರಣಮ್ಮ ಎದ್ದು ನಿಂತಳು. "ಅದಾನ ಯವ್ವಾ! ಅಲ್ಲೇ ಎದುರಿಗೇ ಕುಂತಾನ ನೋಡು. ಆತನ ನೌಕರಿ ಅದಾ!"

ಅಮರೇಶ ಆಗಲೇ ಇಳಿದಿದ್ದ. ಮಾತಿಲ್ಲ, ಕತೆಯಿಲ್ಲ. ಮೊದಲು ನಮ್ಮ ಎತ್ತಿನ ಹಣೆ ಸವರಿ ಸಮಾಧಾನ ಮಾಡಿದ. ಗೋಡೆಗೆ ಒತ್ತಿಕೊಂಡು ನಮ್ಮ ಗಾಡಿ ದಾಟಿ ಹಿಂದಕ್ಕೆ ಹೋದ. ಜೋಳದ ಗಾಡಿಯನ್ನು ಓಣಿಯಿಂದ ಹೊರಗೆ ಹಾಕಿಸಿ, ಓಣಿಯ ಬಾಯಲ್ಲಿ ನಿಂತು, "ನಾ ಇಲ್ಲೇ ನಿಂತಿರ್ತೀನಿ. ನಾ ಕೈ ಎತ್ತೋತನಕ ಯಾರೂ ಒಳಗ ಬರಬ್ಯಾಡ್ರಿ. ಹಾಂ ಕಾಕಾ, ನೀ ಅಲ್ಲೇ ನಿಂದ್ರು. ಇವರ ಗಾಡಿ ಹಿಂದಕ ಬರಲಿ," ಎಂದು ಕೂಗಿದ. ನಮ್ಮ ಗಾಡಿ ಅಳುತ್ತ ಅಳುತ್ತ ಹಿಂದಕ್ಕೆ ಬಂತು. ಓಣಿಯ ಬಾಯಲ್ಲಿ ಹಸಿರು ಸೀರೆ ಉಟ್ಟ ಮುದುಕಿ, ಎರಡು ಕತ್ತೆ, ಒಂದು ಸೈಕಲ್ಲು, ಎಲ್ಲ ಅವನ ಕೈ ನೋಡುತ್ತ ನಿಂತಿದ್ದವು. ಅವನು ಹಗ್ಗ ಹಿಡಿಯಲಿಲ್ಲ, ಗಾಡಿ ಹೊಡೆಯಲಿಲ್ಲ, ತಿರುಗಿಸಲೂ ಇಲ್ಲ. ಸುಮ್ಮನೆ ನಿಂತಿದ್ದ. ಅವನು ಅಲ್ಲಿದ್ದ, ಅದಕ್ಕೇ ಎದುರು ಗಾಡಿ ಬರಲಿಲ್ಲ.

ಗಾಡಿ ಬಯಲಿಗೆ ಬಂದ ಮೇಲೆ ಅತ್ತೆಯವರು ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದರು. "ತಮ್ಮಾ, ಪೈಲೆಟ್ ಅಂದ್ರ ಇದಾ ಏನು?"

"ಹೂಂನ್ರಿ ಯವ್ವಾ," ಅಂದ ಅಮರೇಶ, ನೆಲ ನೋಡುತ್ತ. "ಇಷ್ಟಾ."

"ಇಷ್ಟು ಹೇಳಾಕ ನಮ್ಮ ಅಳಿಯಂದ್ರಿಗಿ ಇಷ್ಟು ದಿನ ಬೇಕಾತು!" ಎಂದರು. ಮಾವನವರು ನನ್ನ ಕಡೆ ನೋಡಲೂ ಇಲ್ಲ. ಇಳಿದು ಹೋಗಿ ಹುಡುಗನ ಹೆಗಲ ಮೇಲೆ ಕೈ ಹಾಕಿದರು. ಬೆಲ್ಲವನ್ನಂತೂ ತಿಂದೆವು, ಬೇಡ ಅನ್ನಲು ಮಾತ್ರ ಮಾವನವರು ಮರೆತರು. ಆ ಸಂಜೆ ಸಂಗಣ್ಣನವರ ಮನೆಯಲ್ಲಿ ಎಲ್ಲರೂ ನಗುತ್ತಿದ್ದರು. ನಾನು ಆಣೆ ನೆನಪಿಟ್ಟುಕೊಂಡು ಬಾಯಿಗೆ ಬೀಗ ಹಾಕಿ ಕುಳಿತಿದ್ದೆ. "ಮಾಸ್ತರರು ಭಾರಿ ಸಂಭಾವಿತರು, ಮಾತಾ ಆಡಂಗಿಲ್ಲ," ಎಂದು ಸಂಗಣ್ಣನವರು ಹೊಗಳಿದರು. ನನ್ನ ಬಗ್ಗೆ ಆ ಊರಿನಲ್ಲಿ ಈಗಲೂ ಅದೇ ಅಭಿಪ್ರಾಯವಿದೆಯಂತೆ.

ಲಗ್ನವಾಯಿತು. ನೀಲಮ್ಮ ಸ್ಟೇಶನ್ನಿನ ಹತ್ತಿರದ ಖೋಲಿಯಲ್ಲಿ ಸಂಸಾರ ಹೂಡಿದಳು. ಮೊದಮೊದಲು ನನ್ನ ಮುಖ ಕಂಡರೆ ಒಳಗೆ ಓಡುತ್ತಿದ್ದವಳು, ಆಮೇಲೆ ಎದುರಿಗೇ ನಿಂತು ನಗತೊಡಗಿದಳು. ಸಿಂಧನೂರಿನ ಸಾಹುಕಾರ ಹುಬ್ಬಿಗೂ ಬಣ್ಣ ಹಚ್ಚಿಕೊಂಡು ಬೇರೆ ಕಡೆ ಹೆಣ್ಣು ನೋಡಲು ಹೋದನೆಂದು ಸುದ್ದಿ. ನಾನು ಪೈಲಟ್ ಪಾಠವನ್ನು ಹುಡುಗರಿಗೆ ಮಾಡಿದೆ. ಏನು ಹೇಳಿದೆ ಎಂದು ಕೇಳಬೇಡಿ. ಹೆಡ್ ಮಾಸ್ತರರು ಹೇಳಿದ್ದೇ ಸರಿ ಅನ್ನಿಸಿತು, ರಾಸ್ತಾ ದಿಖಾನಾ ಎಂದು ಬರೆಸಿ ಪುಸ್ತಕ ಮುಚ್ಚಿದೆ.

ಮೊನ್ನೆ ಒಂದು ಭಾನುವಾರ ಷಡ್ಡಕ ಅಮರೇಶ ಊಟಕ್ಕೆ ಬಂದಿದ್ದ. ರೊಟ್ಟಿ ಮುರಿಯುತ್ತ, "ಮಾಸ್ತರ, ಆವತ್ತು ಒಂದು ಮಾತು ಕೇಳಿದ್ರಲ್ಲ, ಸ್ಟಿಯರ್ ಅಂತ. ರೈಲಿನಾಗಂತೂ ಅದಿಲ್ಲ. ಹಂಗಂದ್ರ ಖರೇನೂ ಏನ್ರಿ?" ಅಂದ. ಎಷ್ಟೋ ಕಾಲದ ಮೇಲೆ ಒಬ್ಬರು ನನ್ನನ್ನು ಅರ್ಥ ಕೇಳಿದ್ದರು. ನಾನು ಗಂಟಲು ಸರಿ ಮಾಡಿಕೊಂಡು, ಅದಕ್ಕೆ ಎರಡು ಅರ್ಥ, ಒಂದು ಬೇಕಾದ ಕಡೆ ತಿರುಗಿಸುವುದು, ಇನ್ನೊಂದು ಎತ್ತು, ಯಾವುದು ಎಲ್ಲಿ ಎಂದು ತಿಳಿಯುವುದೇ ಕಷ್ಟ ಎಂದು ಆರಂಭಿಸಿದೆ. ಅಷ್ಟರಲ್ಲಿ ಒಳಗಿನಿಂದ ಶರಣಮ್ಮನ ದನಿ ಬಂತು: "ಏನ್ರೀ, ಎಣ್ಣಿ ತೀರೇದ. ಶೀಶೆ ತಗೊಂಡು ಪ್ಯಾಟಿಗಿ ಹೋಗಿ ಬರ್ರಿ. ಬಲಗಡಿ ಅಂಗಡಿ ಬ್ಯಾಡ, ಎಡಗಡಿದು." ನಾನು ಕೈ ತೊಳೆದು ಎದ್ದೆ. ಅಮರೇಶ ನಕ್ಕು, "ತಿಳೀತು ಬಿಡ್ರಿ ಮಾಸ್ತರ," ಅಂದ. ನನ್ನ ಜೀವಮಾನದಲ್ಲಿ ಎರಡೂ ಅರ್ಥವನ್ನು ಇಷ್ಟು ಸ್ಪಷ್ಟವಾಗಿ ನಾನು ಯಾರಿಗೂ ಕಲಿಸಿರಲಿಲ್ಲ. ಮೊದಲನೆಯದು ಅಡುಗೆಮನೆಯಲ್ಲೇ ಉಳಿಯಿತು. ಎರಡನೆಯದು ಶೀಶೆ ಹಿಡಿದು ಎಡಗಡೆ ಹೊರಳಿತು.